ನಂಬರಿಲ್ಲದ ಹಾಳೆ

ಆ ಪತ್ರಾಗಾರದ ನೆಲಮಾಳಿಗೆಯಲ್ಲಿ ಕೂತು ಹಳೇ ಕಾಗದ ರಿಪೇರಿ ಮಾಡುತ್ತಿದ್ದವಳಿಗೆ ಏಳು ದೇಶದಲ್ಲಿ ಸಮಾನರಿರಲಿಲ್ಲ. ಎಂಟನೆಯ ದೇಶದಲ್ಲಿ ಒಬ್ಬನಿದ್ದ, ಅವನಿಗೂ ಇತ್ತೀಚೆಗೆ ಕಣ್ಣು ಮಂಜಾಗಿತ್ತು. ಗೆದ್ದಲು ತಿಂದು ತಿಂದು ಜಾಲರಿಯಾದ ಹಾಳೆಯನ್ನು ಬೆಳಿಗ್ಗೆ ಅವಳ ಮೇಜಿನ ಮೇಲಿಟ್ಟರೆ ಸಂಜೆಗೆ ಅದು ಮದುವಣಗಿತ್ತಿಯ ಹಾಗೆ ಎದ್ದು ಕೂರುತ್ತಿತ್ತು. ಅವಳ ಹೆಸರು ಕೇಳಿದರೆ ಗೆದ್ದಲು ದಾರಿ ಬದಲಿಸುತ್ತಿತ್ತು ಎನ್ನುವವರಿದ್ದಾರೆ. ಆದರೆ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಹಾಳೆ ಡಾಕ್ಟರ್.

ನೆಲಮಾಳಿಗೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಬೀದಿಯ ಮಟ್ಟಕ್ಕೆ. ಅದರಲ್ಲಿ ಆಕಾಶ ಕಾಣುತ್ತಿರಲಿಲ್ಲ, ಹೋಗುವವರ ಬರುವವರ ಕಾಲು ಕಾಣುತ್ತಿತ್ತು. ಹತ್ತು ವರ್ಷದಿಂದ ಅವಳು ಊರಿನ ಮುಖ ನೋಡಿರಲಿಲ್ಲ, ಪಾದ ನೋಡಿದ್ದಳು. ಟ್ಯೂಬ್‌ಲೈಟು ಬೆಳಗಿನಿಂದ ಸಂಜೆಯವರೆಗೆ ಗೊಣಗುತ್ತಿತ್ತು. ಗಾಳಿಯ ತೇವ ಅಳೆಯುವ ಮೀಟರಿನ ಮುಳ್ಳು ಕೂಡ ಜೀವನದ ಮೇಲೆ ಬೇಸರ ಬಂದು ಒಂದೇ ಕಡೆ ನಿಂತುಬಿಟ್ಟಿತ್ತು.

ಅಲ್ಲಿಗೆ ಒಂದು ಮಂಕು ಬೆಳಿಗ್ಗೆ ನೂರ ಹದಿನಾಲ್ಕು ಪೆಟ್ಟಿಗೆಗಳು ಇಳಿದವು.

ಪೆಟ್ಟಿಗೆಗಳ ಒಡೆಯರು ನಲವತ್ತೆರಡು ವರ್ಷ ಒಂದು ದಿನಪತ್ರಿಕೆಯನ್ನು ಹೆಗಲ ಮೇಲೆ ಹೊತ್ತು ನಡೆಸಿದ ಪ್ರಕಾಶಕರು. ಪತ್ರಿಕೆಯವರು ಅವರನ್ನು ದೊಡ್ಡವರು ಎನ್ನುತ್ತಿದ್ದರು. ದೊಡ್ಡವರು ತೀರಿಕೊಂಡ ಮೂರನೇ ತಿಂಗಳಿಗೆ ಪತ್ರಿಕೆಯೂ ತೀರಿಕೊಂಡಿತು. ಉಳಿದದ್ದು ಕಾಗದ. ಅವರು ಬದುಕಿನಲ್ಲಿ ಒಂದು ಚೂರು ಕಾಗದ ಬಿಸಾಡಿದವರಲ್ಲ. ಮಂತ್ರಿಗಳ ಪತ್ರ, ಓದುಗರ ಬೈಗುಳ, ಇಸ್ತ್ರಿ ಅಂಗಡಿಯ ಚೀಟಿ, ಹಲ್ಲು ಕೀಳಿಸಿಕೊಂಡ ದಿನದ ಟಿಪ್ಪಣಿ, ಅದಕ್ಕೆ ಗುಂಡುಪಿನ್ನು ಚುಚ್ಚಿದ ಪೊಟ್ಟಣದಲ್ಲಿ ಆ ಹಲ್ಲು.

ಪೆಟ್ಟಿಗೆಗಳ ಹಿಂದೆ ಒಬ್ಬ ಮನುಷ್ಯನೂ ಮೆಟ್ಟಿಲಿಳಿದು ಬಂದ. ಮೊದಲು ಕಂಡದ್ದು ಕಂದು ಬೂಟು. ಎಡಗಾಲಿನ ಲೇಸು ಹರಿದು, ಪಾರ್ಸಲ್ ಕಟ್ಟುವ ದಾರ ಕಟ್ಟಿದ್ದ. ಬಂದವನೇ ಮೇಜಿನ ಮೇಲಿನ ಕಾಗದದ ಕಟ್ಟನ್ನು ತಟ್ಟಿ ನೇರ ಮಾಡಿದ.

“ಮುಟ್ಟಬೇಡಿ,” ಎಂದಳು.

“ನೇರ ಮಾಡ್ತಿದ್ದೆ ಅಷ್ಟೆ. ಸೊಟ್ಟ ಇತ್ತು.”

“ಅವರು ಸೊಟ್ಟ ಇಟ್ಟಿದ್ರೆ ಸೊಟ್ಟಾನೇ ಇರಬೇಕು. ಹೆಂಗೆ ಬಂತೋ ಹಂಗೇ ಇಡೋದು ಇಲ್ಲಿ ನಿಯಮ.”

“ಸೊಟ್ಟ ಇರೋದನ್ನ ನೇರ ಮಾಡೋದೇ ನನ್ನ ಇಪ್ಪತ್ತು ವರ್ಷದ ಕೆಲಸ. ನಾನು ಆ ಪತ್ರಿಕೆಯ ಪ್ರೂಫ್ ರೀಡರ್.”

“ಇರಬಹುದು. ಕೈ ತೊಳ್ಕೊಂಡು ಬನ್ನಿ.”

ತೊಳೆದು ಬಂದ. ಉಗುರು ನೋಡಿ ವಾಪಸ್ ಕಳಿಸಿದಳು. ಎರಡನೇ ಸಲವೂ ಕಳಿಸಿದಳು. ಮೂರನೇ ಸಲ ಬಂದಾಗ ಅವನ ಬೆರಳು ಸ್ನಾನದ ಮನೆಯಲ್ಲಿ ಮರೆತ ಮಗುವಿನದರ ಹಾಗೆ ಸುಕ್ಕುಗಟ್ಟಿತ್ತು.

“ಡಾಕ್ಟ್ರೇ, ನಾನು ಕರಡು ತಿದ್ದೋನು. ಕೊಲೆ ಮಾಡಿ ಬಂದಿಲ್ಲ.”

ಅವಳಿಗೆ ನಗು ಬಂತು. ನಕ್ಕರೆ ಅಂಟು ಅಲುಗುತ್ತದೆಂದು ನುಂಗಿಕೊಂಡಳು. ಹತ್ತು ವರ್ಷದಲ್ಲಿ ಅವಳು ನುಂಗಿದ್ದ ನಗುವನ್ನೆಲ್ಲ ಒಟ್ಟುಮಾಡಿದ್ದರೆ ಆ ಕಟ್ಟಡದ ಹೆಂಚು ಹಾರಿಹೋಗುತ್ತಿತ್ತು.

ಕೆಲಸ ಹಂಚಿಕೆಯಾಯಿತು. ಅವನು ಒಂದೊಂದು ಕಾಗದವನ್ನೂ ಓದಿ, ಮೂಲೆಯಲ್ಲಿ ಪೆನ್ಸಿಲ್ಲಿನಿಂದ ನಂಬರು ಹಾಕಿ, ಯಾರು ಯಾರಿಗೆ ಬರೆದದ್ದೆಂದು ಒಂದು ಕಾರ್ಡ್ ಬರೆದು, ಕಾಗದವನ್ನು ಅವಳ ಟ್ರೇಯಲ್ಲಿಡಬೇಕು. ಅವಳು ದೂಳು ತೆಗೆದು, ತೂತು ಮುಚ್ಚಿ, ಸ್ಥಿತಿಯನ್ನು ಅದೇ ಕಾರ್ಡಿಗೆ ಸೇರಿಸಬೇಕು. ಪತ್ರಾಗಾರದ ಅಟೆಂಡರ್ ಅಣ್ಣ ಪೆಟ್ಟಿಗೆಗೆ ತುಂಬಿ ಬಟ್ಟೆಯ ಪಟ್ಟಿ ಕಟ್ಟಬೇಕು. ಕೊನೆಯ ಪೆಟ್ಟಿಗೆ ಕಟ್ಟಿದ ದಿನ ಪ್ರೂಫ್ ರೀಡರನ ಕೆಲಸ ಮುಗಿದ ಹಾಗೆ.

ಎರಡನೇ ದಿನವೇ ಅವನು ಒಂದು ಹಾಳೆ ಹಿಡಿದು ನಗುತ್ತ ಕೇಳಿದ: “ಇದು ಓದಿದ್ರಾ? ದೊಡ್ಡವರು ಒಬ್ಬ ಕವಿಗೆ ಬರೆದಿರೋ ಉತ್ತರ.”

“ನಾನು ಓದಲ್ಲ, ಪ್ರೂಫ್ ಸಾರ್.”

“ಎಂಟು ಗಂಟೆ ಅದನ್ನೇ ನೋಡ್ತಾ ಕೂತಿರ್ತೀರಿ?”

“ನೋಡ್ತೀನಿ. ಓದಲ್ಲ. ಓದಿದ್ರೆ ಕೈ ನಡುಗುತ್ತೆ ಅಂತ ಕೆಲಸ ಕಲಿಸಿದ ಮೇಷ್ಟ್ರು ಹೇಳಿದ್ರು. ಕೈ ನಡುಗಿದ್ರೆ ಹಾಳೆ ಸತ್ತ ಹಾಗೆ.”

“ಒಂದು ಸಾಲೂ?”

“ಒಂದಕ್ಷರಾನೂ.”

ಇದು ಬಡಾಯಿಯಲ್ಲ. ಒಬ್ಬನ ಮರಣಪತ್ರವನ್ನೂ ಇನ್ನೊಬ್ಬನ ಇಸ್ತ್ರಿ ಚೀಟಿಯನ್ನೂ ಒಂದೇ ಬಟ್ಟಲಿನ ಅಂಟಿನಿಂದ, ಒಂದೇ ಮುಖಭಾವದಿಂದ ಅಂಟಿಸಿದವಳು ಅವಳು. ಅಕ್ಷರ ಅವಳಿಗೆ ಕಾಗದದ ಮೇಲಿನ ಒಂದು ಕಲೆ. ತುಕ್ಕು, ಎಣ್ಣೆ, ಕಣ್ಣೀರು, ಶಾಯಿ, ಎಲ್ಲವೂ ಕಲೆ.

ಹೀಗೆ ಎದುರುಬದುರು ಕೂತು ಎಂಟು ತಿಂಗಳು ಕಳೆಯಿತು. ತೂತುಗಳನ್ನು ನೋಡಲು ಅವಳು ಹಾಳೆಯನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಒಂದು ಸಲ ಹಾಗೆ ಹಿಡಿದಾಗ ತೂತಿನಾಚೆ ಒಂದು ಕಣ್ಣು ಕಂಡಿತು. ಅದೂ ಇವಳನ್ನೇ ನೋಡುತ್ತಿತ್ತು. ಆ ಘಳಿಗೆಗೆಂದೇ ಗೆದ್ದಲು ಹದಿನೈದು ವರ್ಷ ಮೊದಲೇ ಅಳತೆ ತೆಗೆದು ಕೊರೆದಿಟ್ಟ ಹಾಗಿತ್ತು.

“ಎಷ್ಟು ತೂತು?” ಎಂದ ಅವನು ಆಚೆಯಿಂದ.

“ಹನ್ನೊಂದು.”

“ಹನ್ನೆರಡು. ಈ ಕಡೆಯಿಂದ ಎಣಿಸ್ದೆ.”

“ತೂತು ಎಣಿಸಿದ್ರೋ, ಇನ್ನೇನು ಎಣಿಸಿದ್ರೋ.”

ಹಾಳೆ ಕೆಳಗಿಳಿಯಲಿಲ್ಲ. ಇಳಿಸಿದ್ದರೆ ಮುಖ ಕಾಣುತ್ತಿತ್ತು, ಮುಖ ಆಗ ಯಾರೂ ನೋಡಬಾರದ ಬಣ್ಣದಲ್ಲಿತ್ತು. ಆ ದಿನ ಅವಳು ಬೇರೆ ತೂತುಗಳನ್ನೆಲ್ಲ ಮುಚ್ಚಿದಳು. ಅದೊಂದನ್ನು ಕೊನೆಗಿಟ್ಟುಕೊಂಡಳು.

ಮೊದಮೊದಲು ದಿನಕ್ಕೆ ಮೂವತ್ತು ಹಾಳೆ ಮುಗಿಯುತ್ತಿತ್ತು. ಆಮೇಲೆ ಹತ್ತಾಯಿತು. ಆಮೇಲೆ ಮೂರು. ಬಸವನಹುಳುಗಳು ಬಂದು ನೋಡಿ, ತಾವೇ ವಾಸಿ ಎಂದುಕೊಂಡು ಹೋಗುವಷ್ಟು ನಿಧಾನ.

“ಡಾಕ್ಟರಮ್ಮ,” ಎಂದ ಅಟೆಂಡರ್ ಅಣ್ಣ ಪಟ್ಟಿ ಸುತ್ತುತ್ತ, “ಕಾಯಿಲೆ ಜಾಸ್ತಿ ಆಗಿರೋದು ಕಾಗದಕ್ಕೋ, ಡಾಕ್ಟ್ರಿಗೋ?”

“ನೀನು ಪಟ್ಟಿ ಕಟ್ಟು ಅಣ್ಣ.”

“ಕಟ್ತೀನಿ, ಕಟ್ತೀನಿ. ಏನಾದ್ರೂ ಕೊಟ್ರೆ ತಾನೇ ಕಟ್ಟೋದು.”

ಮನೆಯಲ್ಲಿ ಅಕ್ಕನ ಕಾಟ ಬೇರೆ. ಅಕ್ಕ ಭಾವನ ಮನೆಯ ಹಿಂದಿನ ಕೋಣೆ ಅವಳದು. ಭಾವ ಮಾತಾಡುವವರಲ್ಲ, ಅವರ ಪಾಲನ್ನೂ ಅಕ್ಕನೇ ಮಾತಾಡುತ್ತಿದ್ದಳು.

“ಅವನು ಏನಾದ್ರೂ ಹೇಳಿದ್ನೇನೇ?”

“ಏನು ಹೇಳ್ಬೇಕಿತ್ತು?”

“ನಿನಗೆ ಹರಿದಿದ್ರೆ ಮಾತ್ರ ಕಾಣೋದು ಕಣೇ. ನೆಟ್ಟಗಿರೋ ಮನುಷ್ಯ ಎದುರಿಗೆ ಕೂತಿದ್ರೆ ಕಾಣಲ್ಲ.”

ಕಾಣುತ್ತಿತ್ತು. ಅವಳು ಕಾಯುತ್ತಿದ್ದಳು. ಒಂದು ಮಾತು ಅವನ ಬಾಯಿಂದ ಬಂದರೆ ಸಾಕು, ಈ ನೆಲಮಾಳಿಗೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಅವನ ಹಿಂದೆ ಹೋಗುವವಳಿದ್ದಳು. ಆದರೆ ಇಪ್ಪತ್ತು ವರ್ಷ ಬೇರೆಯವರ ಮಾತು ತಿದ್ದಿದವನಿಗೆ ಸ್ವಂತದ್ದೊಂದು ಬಾಯಿಗೆ ಬರುತ್ತಿರಲಿಲ್ಲ.

“ದೂರದ ಊರಿನ ಪತ್ರಿಕೆಯೋರು ಕರೀತಿದಾರೆ,” ಎಂದ ಒಂದು ದಿನ, ಪೆನ್ಸಿಲ್ ಕೆತ್ತುತ್ತ.

“ಹೋಗ್ತೀರಾ?”

“ಉತ್ತರ ಬರೆದಿಲ್ಲ. ಇಲ್ಲಿನ್ನೂ ಏಳು ಪೆಟ್ಟಿಗೆ ಇದೆಯಲ್ಲ.”

ಆ ಏಳು ಪೆಟ್ಟಿಗೆ ದೊಡ್ಡವರ ತೀರ ಖಾಸಗಿ ಪತ್ರಗಳದು. ಅವರ ಮಗಳು, ಎಲ್ಲರೂ ಅಮ್ಮಾವ್ರು ಎನ್ನುವ ಎಪ್ಪತ್ತರ ಹೆಂಗಸು, ಕಾಗದ ಒಪ್ಪಿಸುವಾಗಲೇ ಷರತ್ತು ಹಾಕಿದ್ದರು: ಕೆಲಸ ಮುಗಿದ ದಿನ ಆ ಏಳಕ್ಕೂ ಅರಗಿನ ಮೊಹರು, ಮೂವತ್ತು ವರ್ಷ ಯಾರೂ ತೆರೆಯುವಂತಿಲ್ಲ.

“ಎಷ್ಟು ಕಾಗದ, ಒಂದಕ್ಕೂ ಸ್ಟಾಂಪಿಲ್ಲ,” ಎನ್ನುತ್ತಿದ್ದ ಅವನು ಅವನ್ನು ಓದುತ್ತ. ಕೊನೆಯ ವರ್ಷಗಳಲ್ಲಿ ದೊಡ್ಡವರ ಕೈ ನಡುಗತೊಡಗಿದ ಮೇಲೆ, ಅವರು ಹೇಳಿದ್ದನ್ನು ಬರೆದುಕೊಡುತ್ತಿದ್ದವನು ಅವನೇ. ಹಾಗಾಗಿ ಆ ಪೆಟ್ಟಿಗೆಗಳ ಅರ್ಧ ಕಾಗದ ಅವನ ಅಕ್ಷರದಲ್ಲೇ ಇತ್ತು.

ಕೊನೆಯ ಪೆಟ್ಟಿಗೆಯಲ್ಲಿ ಒಂದು ದಿನ, ನಾನೂರ ಹದಿನೇಳು ಮತ್ತು ನಾನೂರ ಹದಿನೆಂಟರ ನಡುವೆ, ಟ್ರೇಯಲ್ಲಿ ನಂಬರಿಲ್ಲದ ಒಂದು ಹಾಳೆ ಬಂತು. ಪತ್ರಿಕೆಯ ಹೆಸರು ಅಚ್ಚಾದ ಅದೇ ಲೆಟರ್‌ಹೆಡ್, ಅದೇ ಅಕ್ಷರ. ಕಾರ್ಡ್ ಇರಲಿಲ್ಲ.

ಜಗತ್ತಿನಲ್ಲಿ ಇನ್ಯಾವ ಹೆಣ್ಣಾದರೂ ಆ ಹಾಳೆಯನ್ನು ಓದುತ್ತಿದ್ದಳು. ಅಟೆಂಡರ್ ಅಣ್ಣ ಓದುತ್ತಿದ್ದ. ಕಿಟಕಿಯಾಚೆ ಹೋಗುತ್ತಿದ್ದ ಬೂಟುಗಳೂ ಬಗ್ಗಿ ಓದುತ್ತಿದ್ದವು. ಓದದ ಜೀವ ಭೂಮಿಯ ಮೇಲೆ ಒಂದೇ ಒಂದಿತ್ತು. ಅವನು ಪತ್ರ ಕೊಟ್ಟದ್ದು ಆ ಜೀವಕ್ಕೇ.

ಅವಳಿಗೆ ಹೊಳೆದದ್ದು ಒಂದೇ: ಪಾಪ, ಪ್ರೂಫ್ ಸಾರ್ ಒಂದು ನಂಬರು ಬಿಟ್ಟಿದ್ದಾರೆ. ಇಪ್ಪತ್ತು ವರ್ಷ ತಪ್ಪು ಹುಡುಕಿದವರು ತಪ್ಪು ಮಾಡಿದರೆಂದು ಮೇಲಿನವರಿಗೆ ಗೊತ್ತಾಗುವುದು ಬೇಡ. ಪ್ರೀತಿ ಉಕ್ಕಿ ಬಂತು. ಆ ಪ್ರೀತಿಯಲ್ಲೇ ಹಾಳೆಯನ್ನು ಮೇಕೆ ಕೂದಲಿನ ಬ್ರಷ್ಷಿನಿಂದ ಸವರಿದಳು, ಮಡಿಕೆ ಬಿಡಿಸಿದಳು, ಒಂದು ಸಣ್ಣ ತೂತಿಗೆ ಹೂವಿನ ಎಸಳಿಗಿಂತ ತೆಳುವಾದ ಟಿಶ್ಯೂ ಅಂಟಿಸಿದಳು. ತಾನೇ ನಂಬರು ಹಾಕಿದಳು: ನಾನೂರ ಹದಿನೇಳು ಅ. ತಾನೇ ಕಾರ್ಡ್ ಬರೆದಳು: ಬರೆದವರು, ದೊಡ್ಡವರು. ಯಾರಿಗೆ, ತಿಳಿದುಬಂದಿಲ್ಲ.

ಆ ಹಾಳೆಗೆ ಮಾಡಿದಷ್ಟು ಆರೈಕೆಯನ್ನು ಅವಳು ಬೇರೆ ಯಾವ ಹಾಳೆಗೂ ಮಾಡಿರಲಿಲ್ಲ. ಫೋಲ್ಡರಿಗೆ ಹಾಕಿ ಪೆಟ್ಟಿಗೆಗೆ ಸೇರಿಸಿದಳು.

ಅವನು ಒಂಬತ್ತು ದಿನ ಕಾದ. ಒಂಬತ್ತು ದಿನವೂ ಅವಳು ಎಂದಿನಂತೆ ಬ್ರಷ್ ಕೇಳಿದಳು, ತೂಕದ ಕಲ್ಲು ಕೇಳಿದಳು. ಅವನು ಮಾತು ಕಡಿಮೆ ಮಾಡಿದ. ಪೆಟ್ಟಿಗೆ ಮುಗಿಯುತ್ತಿದೆಯೆಂದು ಬೇಸರವಿರಬೇಕು ಎಂದುಕೊಂಡಳು.

ಹತ್ತನೇ ದಿನ ಅಮ್ಮಾವ್ರು ಕೋಲೂರಿಕೊಂಡು ಇಳಿದು ಬಂದರು. ಅಟೆಂಡರ್ ಅಣ್ಣ ಅರಗು ಕಾಯಿಸಿದ. ಏಳೂ ಪೆಟ್ಟಿಗೆಗೆ ಕೆಂಪು ಮೊಹರು ಬಿತ್ತು. ಆ ಗಡಿಬಿಡಿಯಲ್ಲಿ ಅವನು ಅವಳ ಪಕ್ಕಕ್ಕೆ ಬಂದು ನಿಂತ.

“ಆ ಹಾಳೆ ನೋಡಿದ್ರಾ?”

“ಯಾವುದು?”

“ನಂಬರಿಲ್ಲದ್ದು.”

ಅವಳು ಅಮ್ಮಾವ್ರ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. “ನೋಡ್ದೆ. ಎಲ್ಲ ಸರಿ ಮಾಡಿ ಒಳಗೆ ಸೇರಿಸಿದೀನಿ. ಯಾರಿಗೂ ಹೇಳಲ್ಲ. ಇನ್ನು ಆ ವಿಷಯ ಮಾತಾಡೋದೇ ಬೇಡ.”

ಅವನ ಮುಖದಲ್ಲಿ ಏನೋ ಆರಿತು. ಅರಗಿನ ಹೊಗೆಯಲ್ಲಿ ಅವಳಿಗೆ ಅದು ಕಾಣಲಿಲ್ಲ.

“ಸರಿ,” ಎಂದ. “ಉಪಕಾರ ಆಯ್ತು.”

ಮಾರನೇ ದಿನ ಅವನು ಬರಲಿಲ್ಲ. ಮಧ್ಯಾಹ್ನ ಕಿಟಕಿಯಲ್ಲಿ ಕಂದು ಬೂಟು ಬಂದು ನಿಂತಿತು. ಎಡಗಾಲಿಗೆ ಪಾರ್ಸಲ್ ದಾರ. ಪಕ್ಕದಲ್ಲಿ ಒಂದು ಸೂಟ್‌ಕೇಸಿನ ತಳ. ಬಗ್ಗಿ ನೋಡಿದ್ದರೆ ಅವನಿಗೆ ಅವಳು ಕಾಣುತ್ತಿದ್ದಳು. ಬಗ್ಗಲಿಲ್ಲ. ಅವಳು ಕೈಯಲ್ಲಿ ಅಂಟಿನ ಬ್ರಷ್ ಹಿಡಿದು ಎದ್ದು ನಿಲ್ಲುವಷ್ಟರಲ್ಲಿ ಬೂಟುಗಳು ಹೋಗಿದ್ದವು.

ಆಗಿನ್ನೂ ಜೇಬಿನಲ್ಲಿ ಫೋನ್ ಇರದ ಕಾಲ. ಹೋದವರು ಹೋದರು ಎಂದೇ ಲೆಕ್ಕ.

ಆಮೇಲಿನ ಒಂದು ತಿಂಗಳು ನೆಲಮಾಳಿಗೆಯಲ್ಲಿ ಎಷ್ಟು ಕತ್ತಲಿತ್ತೆಂದರೆ, ಟ್ಯೂಬ್‌ಲೈಟನ್ನು ಹುಡುಕಲು ಇನ್ನೊಂದು ಟ್ಯೂಬ್‌ಲೈಟ್ ಬೇಕಿತ್ತು. ಅವಳು ದಿನಕ್ಕೆ ಮತ್ತೆ ಮೂವತ್ತು ಹಾಳೆ ಮುಗಿಸತೊಡಗಿದಳು. ಅಟೆಂಡರ್ ಅಣ್ಣನಿಗೆ ತಮಾಷೆ ಮಾಡಲು ಧೈರ್ಯ ಬರಲಿಲ್ಲ. ಅಕ್ಕನೂ ಸುಮ್ಮನಾದಳು, ಅಕ್ಕ ಸುಮ್ಮನಾದದ್ದು ಭಾವನ ನೆನಪಿನಲ್ಲಿ ಅದೇ ಮೊದಲು.

ಒಂದು ಬೆಳಿಗ್ಗೆ ಅಟೆಂಡರ್ ಅಣ್ಣ ರದ್ದಿ ಕಾಗದ ಕತ್ತರಿಸುತ್ತ ಕೂತಿದ್ದ. ಪೆಟ್ಟಿಗೆಗಳಿಗೆ ಕಟ್ಟುವ ಚೀಟಿಗೆ, ಒಂದು ಮಗ್ಗುಲು ಖಾಲಿಯಿರುವ ಯಾವ ಕಾಗದವನ್ನೂ ಅವನು ಬಿಡುತ್ತಿರಲಿಲ್ಲ. ಕತ್ತರಿ ನಿಂತಿತು.

“ಡಾಕ್ಟರಮ್ಮ, ಇದು ನಿಮಗೆ ಬರೆದಿದ್ದಲ್ವಾ?”

“ಯಾವುದು?”

“ಪ್ರೂಫ್ ಸಾರ್ ಡ್ರಾಯರಲ್ಲಿ ಬಿಟ್ಟುಹೋಗಿದ್ದ ರದ್ದಿ. ಮೇಲೆ ‘ಹಾಳೆ ಡಾಕ್ಟರರಿಗೆ’ ಅಂತಿದೆ. ಕೆಳಗೆಲ್ಲ ಹೊಡೆದುಹಾಕಿದಾರೆ.”

ಅವಳು ಕಾಗದ ಇಸಕೊಂಡಳು. ಪತ್ರಿಕೆಯ ಲೆಟರ್‌ಹೆಡ್. ಅಭ್ಯಾಸಬಲದಿಂದ ಒದ್ದೆ ಬೆರಳನ್ನು ಅಂಚಿಗೆ ತಾಗಿಸಿದಳು, ನೀಲಿ ಹರಡಿತು. ಹೊಸ ಶಾಯಿ. ಹೀಗೇ ಹರಡಿದ ಇನ್ನೊಂದು ಹಾಳೆ ಬೆರಳಿಗೆ ನೆನಪಾಯಿತು. ಮೊದಲ ಸಲ ಅವಳು ಒಂದು ಕಲೆಯನ್ನು ಓದಿದಳು. ಹಾಳೆ ಡಾಕ್ಟರರಿಗೆ. ಅದರ ಕೆಳಗಿನದನ್ನು ಓದಲು ಅವಳಿಂದಲೂ ಆಗಲಿಲ್ಲ. ಸ್ವಂತ ಮಾತನ್ನು ಹೊಡೆದುಹಾಕುವುದರಲ್ಲಿ ಆ ಮನುಷ್ಯನಿಗೆ ಹದಿನಾಲ್ಕು ದೇಶದಲ್ಲಿ ಸಮಾನರಿರಲಿಲ್ಲ.

ಕಾರ್ಡುಗಳ ಡ್ರಾಯರ್ ಎಳೆದು ನಾನೂರ ಹದಿನೇಳು ಅ ತೆಗೆದಳು. ಸ್ಥಿತಿ ಎಂಬಲ್ಲಿ ಅವಳದೇ ಬರಹವಿತ್ತು. ‘ನಾಲ್ಕು ಮಡಿಕೆ, ಮಡಿಸಿ ಬಿಚ್ಚಿ ಮಡಿಸಿದ ಗುರುತು. ಒದ್ದೆ ಬೆರಳಿಗೆ ಶಾಯಿ ಹರಡಿತು, ಹಾಗಾಗಿ ತೊಳೆದಿಲ್ಲ. ಕೊನೆಯ ಸಾಲಿನಲ್ಲಿ ಪೆನ್ನು ಒತ್ತಿ ತೂತಾಗಿದೆ, ಮುಚ್ಚಲಾಗಿದೆ. ಬೆರಳಿನ ಕೊಳೆ ಎಲ್ಲೂ ಇಲ್ಲ: ಬರೆದವರು ಕೈ ಚೆನ್ನಾಗಿ ತೊಳೆದುಕೊಂಡು ಮುಟ್ಟಿದ್ದಾರೆ.’

ಅವಳು ಅಲ್ಲೇ, ಡ್ರಾಯರ್ ಎಳೆದಿದ್ದ ಹಾಗೆಯೇ, ನೆಲದ ಮೇಲೆ ಕೂತುಬಿಟ್ಟಳು.

“ಒಂದು ಮೊಹರು ತಾನೇ,” ಎಂದ ಅಟೆಂಡರ್ ಅಣ್ಣ, ಅವಳ ಕೈಯಲ್ಲಿದ್ದ ಕಾರ್ಡ್ ಓದಿ. “ಎಬ್ಬಿಸಿ ಮತ್ತೆ ಕೂರಿಸೋಕೆ ನಿಮಗೆ ಎಷ್ಟು ಹೊತ್ತು? ನಾನು ಕಾಫಿಗೆ ಹೋಗಿ ಬರ್ತೀನಿ.”

ಅವಳು ಮನಸ್ಸು ಮಾಡಿದ್ದರೆ ಅರಗಿಗೇ ಗೊತ್ತಾಗದ ಹಾಗೆ ಅರಗು ಎಬ್ಬಿಸಬಲ್ಲವಳು. ತೆಳು ಚಾಕು ಹಿಡಿದು ಪೆಟ್ಟಿಗೆಯ ಮುಂದೆ ನಿಂತಳು. ಅವನು ಕಾಫಿ ಕುಡಿದು, ಇನ್ನೊಂದು ಕುಡಿದು ಬಂದಾಗಲೂ ಹಾಗೇ ನಿಂತಿದ್ದಳು. ಮೊಹರು ಹಾಗೇ ಇತ್ತು.

“ಕೊಟ್ಟ ಮಾತು ಅಣ್ಣ,” ಎಂದಳು. “ನನ್ನ ಕಾಗದ ಒಂದು. ಉಳಿದ ನಾನೂರು ನನ್ನದಲ್ಲ.”

ಅಮ್ಮಾವ್ರ ಮನೆಯಲ್ಲಿ ದೊಡ್ಡವರ ಕೋಣೆ ಖಾಲಿಯಾಗಿತ್ತು. ಬೀರುಗಳು ನಿಂತಿದ್ದ ಕಡೆ ಗೋಡೆಯ ಮೇಲೆ ತಿಳಿ ಬಣ್ಣದ ಚೌಕಗಳು ಉಳಿದಿದ್ದವು. ಅಮ್ಮಾವ್ರು ಎಲ್ಲ ಕೇಳಿಸಿಕೊಂಡರು.

“ಆ ಪೆಟ್ಟಿಗೇಲಿ ಏನಿದೆ ಗೊತ್ತೇನಮ್ಮ?”

“ಇಲ್ಲ. ನಾನು ಓದಲ್ಲ.”

“ನಮ್ಮಪ್ಪ ಮೂವತ್ತು ವರ್ಷ ಒಬ್ಬರಿಗೆ ಕಾಗದ ಬರೆದರು. ಒಂದನ್ನೂ ಅಂಚೆಗೆ ಹಾಕಲಿಲ್ಲ. ಆ ಒಬ್ಬರು ನಮ್ಮಮ್ಮ ಅಲ್ಲ.” ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ಇವತ್ತು ನಿನ್ನ ಹಾಳೆಗೆ ಅಂತ ತೆಗೆದ್ರೆ, ನಾಳೆ ಇನ್ಯಾರೋ ಬಂದು ನಿಲ್ತಾರೆ. ನಾನು ಬದುಕಿರೋವರೆಗೆ ಬೇಡ ಕಣಮ್ಮ. ಕೋಪ ಮಾಡ್ಕೋಬೇಡ.”

“ಕೋಪ ಇಲ್ಲ.”

“ಅಳು ಇದೆ, ಕಾಣ್ತಿದೆ.” ಕೋಲೆತ್ತಿ ಗೋಡೆಯ ಚೌಕಗಳನ್ನು ತೋರಿಸಿದರು. “ನಮ್ಮಪ್ಪ ಈಗ ಕಾಗದದಲ್ಲಿ ಮಾತ್ರ ಇರೋದು. ನಿನ್ನೋನು ಹಂಗಲ್ಲವಲ್ಲ. ಜೀವಂತ ಇದಾನೆ. ಪೆಟ್ಟಿಗೆ ಯಾಕೆ ಕೇಳ್ತೀಯ? ಆಸಾಮೀನ ಕೇಳು.”

ಪತ್ರ ಬರೆಯುವುದು ಅವಳಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಕಾರ್ಡ್. ತಪ್ಪಾದ ಕಾರ್ಡನ್ನು ತಿದ್ದಿ ಬರೆಯುವುದಕ್ಕೆ ಯಾವ ಮೊಹರಿನ ಅಡ್ಡಿಯೂ ಇರಲಿಲ್ಲ. ಹೊಸದೊಂದನ್ನು ತೆಗೆದು ಎರಡು ಪ್ರತಿ ಮಾಡಿದಳು.

ನಂಬರು: ನಾನೂರ ಹದಿನೇಳು ಅ.
ಬರೆದವರು: ಪ್ರೂಫ್ ರೀಡರ್.
ಯಾರಿಗೆ: ನನಗೆ.
ಸ್ಥಿತಿ: ನೋಡಿದ್ದೇನೆ, ಓದಿಲ್ಲ. ನಂಬರು ಬಿಟ್ಟುಹೋಗಿದೆ ಎಂದುಕೊಂಡು ನಾನೇ ಹಾಕಿದೆ. ಈಗ ಮೊಹರಿನೊಳಗಿದೆ, ಮೂವತ್ತು ವರ್ಷ.
ಬೇರೆ ಪ್ರತಿ ಇದೆಯೇ:

ಕೊನೆಯ ಸಾಲನ್ನು ಖಾಲಿ ಬಿಟ್ಟಳು. ಒಂದು ಕಾರ್ಡನ್ನು ಡ್ರಾಯರಿನಲ್ಲಿಟ್ಟಳು. ಇನ್ನೊಂದನ್ನು ಆ ದೂರದ ಊರಿನ ಪತ್ರಿಕೆಯ ವಿಳಾಸಕ್ಕೆ ಸ್ಟಾಂಪ್ ಹಚ್ಚಿ ಕಳಿಸಿದಳು. ಸ್ಟಾಂಪ್ ಎಷ್ಟು ಚೆನ್ನಾಗಿ ಅಂಟಿಸಿದ್ದಳೆಂದರೆ ಪ್ರಳಯವಾದರೂ ಅದು ಬಿಡುವಂತಿರಲಿಲ್ಲ.

ಮೂರು ವಾರ. ಆ ಮೂರು ವಾರದಲ್ಲಿ ಸಮುದ್ರಗಳು ಬತ್ತಿ ಮತ್ತೆ ತುಂಬಿದವು. ಕಿಟಕಿಯಲ್ಲಿ ಹತ್ತು ಲಕ್ಷ ಕಾಲುಗಳು ಹಾದುಹೋದವು, ಒಂದಕ್ಕೂ ಪಾರ್ಸಲ್ ದಾರ ಕಟ್ಟಿರಲಿಲ್ಲ. ಅವನಿಗೆ ತಲುಪಿಲ್ಲವೇನೋ. ತಲುಪಿಯೂ ಬೇಡವಾಯಿತೇನೋ. ಅಲ್ಲಿ ಯಾರೋ ಇವಳಿಗಿಂತ ಬೇಗ ಓದುವವರು ಸಿಕ್ಕರೇನೋ. ಅಟೆಂಡರ್ ಅಣ್ಣ ದಿನಾ ಟಪಾಲು ತಂದು ಮೂಲೆಯಲ್ಲಿಟ್ಟು ಹೋಗುತ್ತಿದ್ದ.

ಇಪ್ಪತ್ತೆರಡನೇ ದಿನ ಮೂಲೆಯಲ್ಲಿಡಲಿಲ್ಲ. ಅವಳ ಕೈಗೇ ಕೊಟ್ಟ.

ಅವಳು ಆಗ ಒಂದು ಹಾಳೆಯ ತೂತಿಗೆ ಟಿಶ್ಯೂ ಇಡುತ್ತಿದ್ದಳು. ಅದನ್ನು ಮುಗಿಸಿ, ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು, ತೂಕದ ಕಲ್ಲಿಟ್ಟು, ಕೈ ತೊಳೆದು ಬಂದು ಲಕೋಟೆ ಬಿಡಿಸಿದಳು. ಅವಳದೇ ಕಾರ್ಡ್. ಪ್ರೂಫ್ ರೀಡರ್ ಒಂದಕ್ಷರ ತಿದ್ದಿರಲಿಲ್ಲ. ಅವನ ಜೀವಮಾನದಲ್ಲಿ ತಿದ್ದದೆ ಬಿಟ್ಟ ಮೊದಲ ಕಾಗದ ಅದೇ ಇರಬೇಕು. ಖಾಲಿ ಬಿಟ್ಟ ಸಾಲಿನ ಮುಂದೆ ಮಾತ್ರ ನೀಲಿ ಶಾಯಿಯಲ್ಲಿ ಬರೆದಿದ್ದ:

‘ಒಂದಿದೆ. ಬಾಯಿಪಾಠ. ಹೊಸ ಕೆಲಸ, ವರ್ಷ ತುಂಬುವವರೆಗೆ ರಜೆ ಇಲ್ಲ. ಸಿಕ್ಕ ದಿನ ಬಂದು ಒಪ್ಪಿಸುತ್ತೇನೆ. ಕೈ ತೊಳೆದುಕೊಂಡೇ ಬರುತ್ತೇನೆ.’

ವರ್ಷ ತುಂಬಲು ಇನ್ನೂ ಹತ್ತು ತಿಂಗಳಿತ್ತು. ಕಿಟಕಿಯಲ್ಲಿ ಯಾರದೋ ಕಾಲುಗಳು ಹೋಗುತ್ತಿದ್ದವು. ಟ್ಯೂಬ್‌ಲೈಟು ಗೊಣಗುತ್ತಿತ್ತು.

ಅವಳು ಅದನ್ನು ಓದಿದಳು. ಮತ್ತೆ ಓದಿದಳು. ಬ್ರಷ್ ತೆಗೆದುಕೊಳ್ಳಲು ಕೈ ಚಾಚಿದರೆ ಕೈ ನಡುಗುತ್ತಿತ್ತು. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆ ದಿನ ಅವಳು ಬ್ರಷ್ಷನ್ನು ಅಲ್ಲೇ ಬಿಟ್ಟು, ನಡುಗುವ ಕೈಯನ್ನು ಮಡಿಲಲ್ಲಿಟ್ಟುಕೊಂಡು, ನಡುಗಲಿ ಎಂದು ಸುಮ್ಮನೆ ಕೂತಳು.